ಬಿದ್ದ ಮನೆಗೆ ಬೆಲೆ, ನಿಂತ ಮನೆಗಿಲ್ಲ

2019ರ ಆಗಸ್ಟ್‌ನಲ್ಲಿ ಘಟಪ್ರಭೆಯ ಜೊತೆಗೆ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳೂ ಉಕ್ಕಿ ಗೋಕಾಕದ ಹಳೇ ಓಣಿಗಳಿಗೆ ನೀರು ನುಗ್ಗಿದಾಗ ಮೊದಲು ಕುಸಿದದ್ದು ಮಣ್ಣಿನ ಮನೆಗಳು. 2021ರ ಜುಲೈನಲ್ಲಿ ಮತ್ತೆ ನೆರೆ ಬಂತು. 2019ರಲ್ಲಿ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಭಾಗಶಃ ಬಿದ್ದದ್ದಕ್ಕೆ 1 ಲಕ್ಷ ಎಂದು ಘೋಷಿಸಿತು. ಎರಡನೆಯ ಮೊತ್ತ ಆಮೇಲೆ ಏರಿತು. ಎಲ್ಲವನ್ನೂ ಕಳಕೊಂಡವರಿಗೆ ಆ ಹಣ ಬೇಕೇ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆ ಹೆಚ್ಚು ಬಿದ್ದಷ್ಟೂ ಕೈಗೆ ಹೆಚ್ಚು ಹಣ ಎಂಬ ಲೆಕ್ಕವೂ ಅದರೊಳಗೇ ಇದೆ. ಒಂದು ಗೋಡೆ ಹೋಗಿ ಉಳಿದ ಮೂರು ಗಟ್ಟಿಯಾಗಿ ನಿಂತ ಹಳೇ ಮನೆಯನ್ನು ರಿಪೇರಿ ಮಾಡಿಸುವವನಿಗಿಂತ ನೆಲಸಮ ಮಾಡುವವನಿಗೆ ಲಾಭ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳೆಯ ಕಟ್ಟಡಗಳು ಮರೆಯಾಗುತ್ತಿರುವುದಕ್ಕೆ ಜನರ ನಿರಭಿಮಾನವನ್ನು ದೂರುವುದು ಸುಲಭ. ಕಾನೂನೂ ಸರಕಾರದ ಹಣವೂ ಕಟ್ಟುವುದಕ್ಕೆ ಕೈಬಿಚ್ಚಿ, ಕಾಪಾಡುವುದಕ್ಕೆ ಕೈ ಬಿಗಿಹಿಡಿದಿರುವುದೇ ದೊಡ್ಡ ಕಾರಣ ಎಂಬುದು ಈ ಬರಹದ ವಾದ.

ಹೋಗುತ್ತಿರುವುದೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಈ ಭಾಗದ ಹಳೇ ಮನೆಗೆ ಕಲ್ಲಿನ ಬುನಾದಿ. ಅದರ ಮೇಲೆ ಎರಡು–ಮೂರು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚೂರು, ಸೊಪ್ಪು–ಸದೆ ಹಾಸಿ ಬಿಗಿಯಾಗಿ ಮಣ್ಣು ಮೆತ್ತಿದರೆ ಅದು ಮೇಲ್ಮುದ್ದಿ. ಮಿರಗದ ಮಳೆ ಬರುವ ಮುಂಚೆ ಅದರ ಮೇಲೆ ಸವಳು ಮಣ್ಣು ಹರಡಬೇಕು. ಆ ಮಣ್ಣು ಮಳೆನೀರಿಗೆ ಉಬ್ಬಿ, ಬಿರುಕು ಮುಚ್ಚಿ, ನೀರು ಒಳಗಿಳಿಯದಂತೆ ತಡೆಯುತ್ತದೆ. ಎರಡು ವರ್ಷ ಈ ಕೆಲಸ ತಪ್ಪಿತೆಂದರೆ ಮನೆ ಸೋರುತ್ತದೆ, ಜಂತಿಗೆ ಗೆದ್ದಲು ಹತ್ತುತ್ತದೆ. ಆಗ ಬಹಳ ಜನ ಗೋಡೆಗೆ ಸಿಮೆಂಟು ಬಳಿಯುತ್ತಾರೆ. ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ಗಾಳಿಗೆ ಬಿಟ್ಟುಕೊಡುವ ಗೋಡೆ. ಸಿಮೆಂಟು ಆ ದಾರಿಯನ್ನೇ ಮುಚ್ಚುತ್ತದೆ. ತೇವ ಒಳಗೇ ನಿಂತು ಗೋಡೆ ಮೆತ್ತಗಾಗಿ ಒಂದು ಮಳೆಗಾಲದಲ್ಲಿ ಕುಸಿದರೆ, ಮಣ್ಣಿನ ಮನೆಯೇ ದುರ್ಬಲ ಎಂಬ ತೀರ್ಮಾನ ಸಿದ್ಧವಾಗಿರುತ್ತದೆ. ಜನಗಣತಿಯ ಲೆಕ್ಕದಲ್ಲಂತೂ ಮಣ್ಣಿನ ಗೋಡೆಯ ಮನೆ ಮೊದಲೇ ‘ಕಚ್ಚಾ’.

ಮನೆಗಳ ಜೊತೆ ಓಣಿಯ ಸ್ವರೂಪವೂ ಹೋಗುತ್ತದೆ. ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ರಂಗಮಂದಿರದಲ್ಲಿ ಬೆಳೆದ ಆಟವಲ್ಲ, ಊರ ಬಯಲಿನಲ್ಲಿ ಬೆಳೆದದ್ದು. ಪಡಸಾಲೆ, ಕಟ್ಟೆ, ಬೇವಿನ ನೆರಳು ಇದ್ದಲ್ಲಿ ಕಬ್ಬಿಣದ ಶಟರ್ ಬಂದರೆ ಕೂತು ನೋಡುವ ಜಾಗವೇ ಉಳಿಯುವುದಿಲ್ಲ. ಗೋಕಾಕದಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಮೂಡಲಗಿಗೆ ಕಚೇರಿ, ಅಂಗಡಿಗಳ ಹಸಿವು ಇನ್ನೂ ಹೆಚ್ಚು.

ಹುಕ್ಕೇರಿಯ ಮಧ್ಯಯುಗದ ಗುಮ್ಮಟಗಳನ್ನು ಎಲ್ಲರೂ ಸ್ಮಾರಕವೆಂದು ಒಪ್ಪುತ್ತಾರೆ. ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯೂ ಕೇಂದ್ರದ 1958ರ ಕಾಯ್ದೆಯೂ ಕಾಯುವುದು ಇಂಥವನ್ನೇ. 2010ರ ತಿದ್ದುಪಡಿಯ ಪ್ರಕಾರ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಆದರೆ ಪಟ್ಟಿಗೆ ಸೇರದ ವಾಡೆ, ಪೇಟೆಯ ಸಾಲುಮನೆ, ಚಾವಡಿ, ಗರಡಿಮನೆಗಳು ಆಸ್ತಿ ಉತಾರದಲ್ಲಿ ಬರೀ ಅಳತೆಯ ಜಾಗಗಳು. ಹಿಡಕಲ್ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಮೇಲೇಳುತ್ತದೆ, ಜನ ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಮುಳುಗಿದ್ದಕ್ಕೆ ಇರುವ ಪ್ರೀತಿ ಪಕ್ಕದ ಓಣಿಯಲ್ಲಿ ನಿಂತಿರುವುದಕ್ಕೆ ಇಲ್ಲ!

ಹಳೇ ಮನೆಗಳನ್ನು ಉಳಿಸಬೇಕೆಂಬ ಮಾತಿಗೆ ಗಟ್ಟಿಯಾದ ಆಕ್ಷೇಪಗಳಿವೆ. ನೆರೆ ಬರುವ ಊರಲ್ಲಿ ಮಣ್ಣಿನ ಮನೆ ಅಪಾಯ ಎನ್ನುವುದು ಮೊದಲನೆಯದು. ನದಿದಂಡೆಯ ಓಣಿಗಳ ಮಟ್ಟಿಗೆ ಅದು ನಿಜ, ಅಲ್ಲಿ ಜೀವ ಮೊದಲು. ಆದರೆ ನೀರು ಮುಟ್ಟದ ಎತ್ತರದ ಓಣಿಗಳಲ್ಲೂ ಮನೆ ಕೆಡವಲು ಅದೇ ನೆಪ ಸಾಲದು. ಎರಡನೆಯದು ಇನ್ನೂ ಹರಿತ: ವಾಡೆಗಳು ದೇಸಾಯಿ, ದೇಶಪಾಂಡೆಯರ ದರ್ಪದ ಗುರುತು, ಕೇರಿಯ ಜನ ಅವನ್ನೇಕೆ ಉಳಿಸಬೇಕು? ಈ ಪ್ರಶ್ನೆಗೆ ಗೌರವ ಸಲ್ಲಬೇಕು. ಆದರೆ ಆ ಗೋಡೆ ಎತ್ತಿದವರು ಗೌಂಡಿಗಳು, ಬಾಗಿಲು ಕೆತ್ತಿದವರು ಬಡಿಗರು. ಅವರ ಕೈಕೆಲಸಕ್ಕೆ ಬೇರೆ ದಾಖಲೆಯಿಲ್ಲ. ಅಲ್ಲದೆ ಉಳಿಸಬೇಕಾದ್ದು ವಾಡೆಯೊಂದೇ ಅಲ್ಲ. ನೇಕಾರನ ಮನೆ, ಗೊಂಬೆ ಮಾಡುವವರ ಓಣಿ, 1885ರಲ್ಲಿ ಶುರುವಾದ ಗೋಕಾಕ ಮಿಲ್ಲಿನ ಕಾರ್ಮಿಕರ ವಸತಿ ಇವೂ ಅಷ್ಟೇ ಮುಖ್ಯ, ಇವುಗಳ ಮೇಲೆ ಯಾರ ಕಣ್ಣೂ ಇಲ್ಲ. ಮೂರನೆಯದು ವಾಟ್ನಿ. ನಾಲ್ವರು ಅಣ್ಣತಮ್ಮಂದಿರಿಗೆ ಹಂಚಿಹೋದ ಮನೆಯನ್ನು ಯಾರು ರಿಪೇರಿ ಮಾಡಿಸಬೇಕು? ಕಷ್ಟದ ಪ್ರಶ್ನೆಯೇ. ಹೀಗಾಗಿಯೇ ಬರೀ ನಿಷೇಧ ಹೇರಿದರೆ ಪ್ರಯೋಜನವಿಲ್ಲ, ಮನೆಯವರಿಗೆ ಏನಾದರೂ ಸಿಗಬೇಕು. 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಅಹಮದಾಬಾದಿನಲ್ಲಿ ಹಳೇ ಮನೆ ಉಳಿಸಿಕೊಂಡವರು ತಾವು ಅಲ್ಲಿ ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಬಹುದು. ಗೋಕಾಕದಂಥ ಊರಲ್ಲಿ ಆ ಹಕ್ಕಿಗೆ ಅಷ್ಟು ಬೆಲೆ ಬರಲಾರದು. ಇಲ್ಲಿ ಮನೆ ತೆರಿಗೆಯ ಮಾಫಿ, ರಿಪೇರಿಗೆ ಕಡಿಮೆ ಬಡ್ಡಿಯ ಸಾಲ ಹೆಚ್ಚು ಕೆಲಸಕ್ಕೆ ಬರುತ್ತವೆ.

ಊರಲ್ಲೇ ಉಳಿಸಿಕೊಳ್ಳದಿದ್ದರೆ ಏನಾಗುತ್ತದೆ? ಪಕ್ಕದ ಮುಧೋಳದ ಅರಮನೆಯ ದರ್ಬಾರ್ ಸಭಾಂಗಣವನ್ನು ನೋಡಬೇಕೆಂದರೆ ಈಗ ಮಣಿಪಾಲದ ಹೆರಿಟೇಜ್ ವಿಲೇಜಿಗೆ ಹೋಗಬೇಕು. ಬಿಚ್ಚಿ ಒಯ್ದು ಕಟ್ಟಿದವರ ಶ್ರಮ ದೊಡ್ಡದು, ಆದರೂ ಊರಿಗೆ ಅದು ನಷ್ಟವೇ. ಪುರಸಭೆ, ನಗರಸಭೆಗಳು ಕಟ್ಟಡ ಪರವಾನಿಗೆ ಕೊಡುವ ಮುಂಚೆ ಹಳೇ ಮನೆಯ ಫೋಟೊ, ನಕ್ಷೆ ದಾಖಲಿಸುವುದನ್ನು ಕಡ್ಡಾಯ ಮಾಡಲಿ. ಮುಂದಿನ ನೆರೆಪರಿಹಾರದಲ್ಲಿ ಮನೆ ಉಳಿಸಿಕೊಂಡವರಿಗೆ ಕೆಡವಿದವರಷ್ಟೇ ಹಣ ಸಿಗಲಿ. ಅಲ್ಲಿಯವರೆಗೆ, ಮೇಲ್ಮುದ್ದಿಯ ಮನೆ ಇನ್ನೂ ಇರುವವರು ಜೆಸಿಬಿಗೆ ಫೋನು ಮಾಡುವ ಮುಂಚೆ ಮಣ್ಣಿನ ಕೆಲಸ ಬಲ್ಲ ಒಬ್ಬ ಹಳೇ ಗೌಂಡಿಯನ್ನು ಕರೆಸಿ ಗೋಡೆ ತೋರಿಸಿ.