ಕೇದಾರದ ಹಾದಿಯಲ್ಲಿ ಉಸಿರಿನ ಎಚ್ಚರಿಕೆ

ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ಕೇದಾರನಾಥದ ಬಾಗಿಲು ತೆರೆಯುತ್ತದೆ. ಅಲ್ಲಿಯ ರಾವಲರು ಕರ್ನಾಟಕದ ವೀರಶೈವ ಪರಂಪರೆಯವರಾದುದರಿಂದ ಆ ಕ್ಷೇತ್ರವು ನಮ್ಮ ನಾಡಿನ ಭಕ್ತರಿಗೆ ದೂರದ್ದಾದರೂ ಅನ್ಯವಲ್ಲ. ನಡೆದೇ ಹೋಗಬೇಕೆಂದು ಸಂಕಲ್ಪಿಸಿದವರು ಪ್ರತಿವರ್ಷ ನಮ್ಮ ಚಿಕಿತ್ಸಾಲಯಕ್ಕೆ ಬಂದು, ಯಾವ ಔಷಧಿ ಒಯ್ಯಬೇಕೆಂದು ಕೇಳುತ್ತಾರೆ. ಔಷಧಿಗಿಂತ ಮೊದಲು ಹಾದಿಯನ್ನು ಅರಿಯಿರಿ ಎಂಬುದೇ ನಮ್ಮ ಉತ್ತರ.

ಗೌರಿಕುಂಡದಿಂದ ಕೇದಾರಕ್ಕೆ ಸುಮಾರು 16 ಕಿ.ಮೀ. ಏರುದಾರಿ. 2013ರ ಜೂನ್ ತಿಂಗಳ ಪ್ರವಾಹದಲ್ಲಿ ರಾಮಬಾಡಾ ಎಂಬ ತಂಗುದಾಣವು ಕೊಚ್ಚಿಹೋದ ಬಳಿಕ, ಮಂದಾಕಿನಿಯ ಆಚೆ ದಡದಲ್ಲಿ ಲಿಂಚೋಲಿಯ ಮೂಲಕ ಹೊಸ ಹಾದಿಯನ್ನು ನಿರ್ಮಿಸಲಾಯಿತು. ಗೌರಿಕುಂಡದ ಎತ್ತರ ಸುಮಾರು 1,980 ಮೀಟರ್. ಅಂದರೆ ಏರು ಆರಂಭವಾಗುವ ಸ್ಥಳವೇ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿದೆ! ಕೇದಾರವಿರುವುದು 3,583 ಮೀಟರ್ ಎತ್ತರದಲ್ಲಿ. ಅಲ್ಲಿ ಪ್ರತಿ ಉಸಿರಿಗೆ ದೊರೆಯುವ ಪ್ರಾಣವಾಯುವು ಸಮುದ್ರಮಟ್ಟದಲ್ಲಿ ದೊರೆಯುವುದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಕುದುರೆಯೇರಿ ಹೋದವರಿಗೂ ಹೆಲಿಕಾಪ್ಟರಿನಲ್ಲಿ ಇಳಿದವರಿಗೂ ಇದು ತಪ್ಪದು.

ಕೆಲವು ವರ್ಷಗಳ ಹಿಂದೆ ನಾವೂ ಒಂದೇ ದಿನದಲ್ಲಿ ಆ ಹಾದಿಯನ್ನು ಏರಿದೆವು. ಲಿಂಚೋಲಿಯ ಬಳಿ ತಲೆ ಸಿಡಿಯತೊಡಗಿತು. ಬಿಸಿಲಿನ ಬಾಧೆಯೆಂದು ಸುಮ್ಮನಾದೆವು. ಸಂಗಡಿಗರಿಗೆ ಹೇಳಲು ವೈದ್ಯರಾದ ನಮಗೇ ಸಂಕೋಚ. ರಾತ್ರಿ ವಾಂತಿ, ನಿದ್ರೆಯಿಲ್ಲ. ಬೆಳಗಾದೊಡನೆ ದರ್ಶನವನ್ನು ಬಿಟ್ಟು ಕೆಳಗಿಳಿದೆವು. ಭೀಮಬಲಿಗೆ ಬರುವಷ್ಟರಲ್ಲಿ ತಲೆ ಹಗುರಾಗಿತ್ತು. ಮರುವರ್ಷ ಗೌರಿಕುಂಡದಲ್ಲಿ ಒಂದು ರಾತ್ರಿ, ಮಾರ್ಗಮಧ್ಯದಲ್ಲಿ ಇನ್ನೊಂದು ರಾತ್ರಿ ತಂಗಿ ಹೋದೆವು. ದರ್ಶನವೂ ಆಯಿತು, ಆರೋಗ್ಯವೂ ಉಳಿಯಿತು.

ವ್ಯಾಯಾಮವನ್ನು ಅರ್ಧ ಬಲದಷ್ಟೇ ಮಾಡಬೇಕೆಂಬುದು ಆಯುರ್ವೇದದ ಮಾತು. ಉಸಿರು ಬಾಯಿಗೆ ಬಂದಿತೆಂದರೆ ಅರ್ಧ ಬಲ ವ್ಯಯವಾಯಿತೆಂದು ಸುಶ್ರುತ ಸಂಹಿತೆಯು ಲಕ್ಷಣ ಹೇಳಿದೆ. ಬೆಟ್ಟದ ಹಾದಿಗೆ ಇದಕ್ಕಿಂತ ಉತ್ತಮ ಅಳತೆಗೋಲು ಬೇಕಿಲ್ಲ. ಬಾಯಿಂದ ಉಸಿರಾಡುವಂತಾದರೆ ನಿಲ್ಲಿರಿ. ಮೂಗಿನಲ್ಲಿ ಉಸಿರು ನೆಲೆಗೊಂಡ ಮೇಲೆ ಮುಂದೆ ಹೆಜ್ಜೆಯಿಡಿರಿ.

ಯಾತ್ರೆಗೆ ಆರು ವಾರ ಮೊದಲೇ ದಿನವೂ ನಡೆಯುವ, ಮೆಟ್ಟಿಲು ಹತ್ತುವ ಅಭ್ಯಾಸವಿರಲಿ. ಹೃದ್ರೋಗ, ರಕ್ತದೊತ್ತಡ, ಉಬ್ಬಸವುಳ್ಳವರು ವೈದ್ಯರ ಅನುಮತಿ ಪಡೆಯಬೇಕು; ನಿತ್ಯದ ಮಾತ್ರೆಗಳನ್ನು ತಾವಾಗಿ ನಿಲ್ಲಿಸಬಾರದು. ಹಾದಿಯಲ್ಲಿ ಬಿಸಿಯಾದ ಲಘು ಆಹಾರ, ಶುಂಠಿ ಹಾಕಿ ಕಾಯಿಸಿದ ನೀರು ಹಿತಕರ. ನಿದ್ರೆಯ ಮಾತ್ರೆ, ಮದ್ಯ ಸರ್ವಥಾ ವರ್ಜ್ಯ.

ತಲೆನೋವು, ವಾಕರಿಕೆ, ತಲೆಸುತ್ತು ಕಂಡರೆ ಮತ್ತೆ ಏರಬೇಡಿರಿ. ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ, ಕುಳಿತಾಗಲೂ ಏದುಸಿರು ಬಂದರೆ ಅದು ಪ್ರಾಣಾಪಾಯದ ಸೂಚನೆ. ರಾತ್ರಿಯಾದರೂ ಸರಿ, ಆಮ್ಲಜನಕ ಕೊಡಿಸಿ ಕೂಡಲೇ ಕೆಳಗಿಳಿಸಬೇಕು. ನಾಲ್ಕು ದಶಕಗಳಿಂದ ಕಷಾಯ, ಚೂರ್ಣಗಳನ್ನೇ ಕೊಡುತ್ತ ಬಂದ ನಾವು ಸ್ಪಷ್ಟವಾಗಿ ಹೇಳುತ್ತೇವೆ: ಆ ಗಳಿಗೆಯಲ್ಲಿ ಯಾವ ಕಷಾಯವೂ ಇಳಿಯುವುದಕ್ಕೆ ಸಾಟಿಯಲ್ಲ.

ಸಂಗಡಿಗರಿಗೆ ತೊಂದರೆಯಾದೀತೆಂದು ನೋವನ್ನು ಮುಚ್ಚಿಡಬೇಡಿರಿ. ಕೇದಾರನು ಮುಂದಿನ ವರ್ಷವೂ ಅಲ್ಲಿಯೇ ಇರುತ್ತಾನೆ; ಕಾಣಲು ನಾವಿರಬೇಕು.