ಕೆಲಸಕ್ಕೆ ಇಳಿಯೋ ಮುಂಚೆ ನಾಲ್ಕು ಕಡೆ ಕೇಳಿ ಬನ್ನಿ

ಮಕ್ಕಳು ಹೈಸ್ಕೂಲಿಗೆ ಬಂದಿದ್ದಾರೆ. ಬೆಳಿಗ್ಗೆ ಎಂಟೂವರೆಗೆ ಎಲ್ಲರ ಡಬ್ಬಿ ಕಟ್ಟಿ ಕಳಿಸಿದರೆ ಸಂಜೆ ನಾಲ್ಕರವರೆಗೆ ಮನೆ ಭಣಭಣ. ಡಿಗ್ರಿ ಸರ್ಟಿಫಿಕೇಟು ಬೀರುವಿನಲ್ಲಿ ಮದುವೆ ಸೀರೆಯ ಕೆಳಗೆ ಮಲಗಿ ಹದಿನೈದು ವರ್ಷವಾಯಿತು. 'ಏನಾದ್ರೂ ಮಾಡ್ಬೇಕ್ರೀ' ಅನ್ನೋ ಮಾತು ಶುರುವಾಗೋದು ಈ ಹೊತ್ತಿನಲ್ಲೇ. ಏನಾದ್ರೂ ಅಂದ್ರೆ ಏನು? ಪಕ್ಕದ ಮನೆಯಾಕೆ ಪಾರ್ಲರ್ ಹಾಕಿದರೆ ನಮಗೂ ಪಾರ್ಲರ್, ಓರಗಿತ್ತಿ ಬ್ಲೌಸಿಗೆ ಆರಿ ವರ್ಕ್ ಹಾಕಿದರೆ ನಮಗೂ ಆರಿ ವರ್ಕ್. ಆಮೇಲೆ ಆರು ತಿಂಗಳಿಗೆ ಆ ಮೆಷಿನ್ನಿನ ಮೇಲೆ ಇಸ್ತ್ರಿ ಮಾಡದ ಬಟ್ಟೆಗಳ ರಾಶಿ!

ಮಗಳನ್ನು ಕೊಡೋ ಮುಂಚೆ ನಾವು ಏನೆಲ್ಲಾ ಮಾಡುತ್ತೇವೆ ನೆನಪಿಸಿಕೊಳ್ಳಿ. ಹುಡುಗನ ಫೋಟೋ, ಸಂಬಳ ನೋಡಿ ಸುಮ್ಮನಾಗುತ್ತೇವಾ? ಅವರ ಓಣಿಯ ಕಿರಾಣಿ ಅಂಗಡಿಯಲ್ಲಿ ವಿಚಾರಿಸುತ್ತೇವೆ. ಹಾಲು ಹಾಕೋರನ್ನ ಕೇಳುತ್ತೇವೆ. ಆ ಮನೆಗೆ ಮೊದಲೇ ಹೋಗಿರೋ ಸೊಸೆ ಹೇಗಿದ್ದಾಳೆ, ನಗ್ತಾಳಾ ಇಲ್ವಾ ಅಂತ ಯಾರ ಮೂಲಕವೋ ತಿಳಿದುಕೊಳ್ಳುತ್ತೇವೆ. ಆದರೆ ದಿನಕ್ಕೆ ಆರೇಳು ಗಂಟೆ, ಕೂಡಿಟ್ಟ ದುಡ್ಡು, ಕೆಲವೊಮ್ಮೆ ಕೊರಳಿನ ಬಂಗಾರವನ್ನೂ ಹಾಕುವ ಕೆಲಸದ ಬಗ್ಗೆ ಮಾತ್ರ ಯಾರನ್ನೂ ಕೇಳೋದಿಲ್ಲ. ಯಾಕೆ?

ಕೆಲಸ ಕೇಳೋದಕ್ಕಲ್ಲ, ಕೆಲಸದ ಬಗ್ಗೆ ಕೇಳೋದಕ್ಕೆ ಹೋಗಬೇಕು ಅನ್ನೋದನ್ನು ಅಮೆರಿಕದಲ್ಲಿ ರಿಚರ್ಡ್ ಬೋಲ್ಸ್ ಎಂಬ ಪಾದ್ರಿ ಒಂದು ಪದ್ಧತಿಯಾಗಿಯೇ ಬೆಳೆಸಿದರು. 1970ರಲ್ಲಿ ಅವರು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ 'ವಾಟ್ ಕಲರ್ ಈಸ್ ಯುವರ್ ಪ್ಯಾರಾಶೂಟ್?' ಎಂಬ ಪುಸ್ತಕ ಮುಂದೆ ಜಗತ್ತಿನಾದ್ಯಂತ ಮಾರಾಟವಾಯಿತು. ಅಲ್ಲಿನವರು ಇದಕ್ಕೆ ಇನ್‌ಫರ್ಮೇಷನಲ್ ಇಂಟರ್‌ವ್ಯೂ ಅಂತ ದೊಡ್ಡ ಹೆಸರಿಟ್ಟಿದ್ದಾರೆ. ನಮಗೆ 'ವಿಚಾರಿಸಿಕೊಂಡು ಬರೋದು' ಅಂದರೆ ಸಾಕು. ಇಲ್ಲಿ ನಿಮ್ಮನ್ನು ಯಾರೂ ಪರೀಕ್ಷೆ ಮಾಡೋದಿಲ್ಲ, ಪ್ರಶ್ನೆ ಕೇಳೋರು ನೀವೇ. ಅಷ್ಟಕ್ಕೇ ಅರ್ಧ ಹೆದರಿಕೆ ಇಳಿಯುತ್ತೆ.

ನನ್ನ ಪರಿಚಯದ ಒಬ್ಬರ ತವರು ಬಾದನಹಟ್ಟಿ, ಇರೋದು ಬಳ್ಳಾರಿಯಲ್ಲಿ. ಕುರುಗೋಡು ಸೀಮೆ ಅಂದ ಮೇಲೆ ಮೆಣಸಿನಕಾಯಿ ಗೊತ್ತಲ್ಲ. ಕೆಂಪಗೆ ಒಣಗಿದ ಕಾಯಿ ಚೀಲಗಟ್ಟಲೆ ಲಾರಿ ಹತ್ತಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಗೆ ಹೋಗೋದು ಈ ಭಾಗದಲ್ಲಿ ಬಹಳ ಕಾಲದಿಂದ ಇದ್ದದ್ದೇ. 'ಕಾಯಿ ನಮ್ಮೂರಿಂದು, ಪುಡಿ ಮಾತ್ರ ಪ್ಯಾಕೆಟ್ಟಿನದ್ಯಾಕೆ? ನಾನೇ ಮಾಡಿ ಮಾರ್ತೀನಿ' ಅಂತ ಇವರಿಗೆ ಹುಮ್ಮಸ್ಸು. ಕುಟ್ಟೋ ಯಂತ್ರಕ್ಕೆ ಬೋರಮಾಳ ಸರ ಅಡ ಇಡೋದು ಅಂತ ಮನಸ್ಸಿನಲ್ಲೇ ನಿಶ್ಚಯವೂ ಆಗಿತ್ತು. ಯಜಮಾನರಿಗಿನ್ನೂ ಹೇಳಿರಲಿಲ್ಲ, ಅದು ಬೇರೆ ಮಾತು.

ಪುಣ್ಯಕ್ಕೆ ಅಡ ಇಡೋ ಮುಂಚೆ ಮೂವರನ್ನು ಮಾತಾಡಿಸಿದರು. ಮೊದಲಿಗೆ ಹಿಟ್ಟಿನ ಗಿರಣಿಯವರು. ಅವರು ಕೇಳಿದ್ದು ಒಂದೇ: 'ತೊಟ್ಟು ಬಿಡಿಸೋರು ಯಾರಮ್ಮಾ?' ನಿಜವಾಗಲೂ ಇವರು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಒಂದು ಚೀಲ ಕಾಯಿಯ ತೊಟ್ಟು ಬಿಡಿಸೋದು ಒಬ್ಬರ ಕೈಯ ಕೆಲಸವಲ್ಲ, ಕೂಲಿಗೆ ಕೊಡಬೇಕು. ತೊಟ್ಟು, ಧೂಳು, ತೇವ ಎಲ್ಲಾ ಕಳೆದ ಮೇಲೆ ಕೈಗೆ ಬರೋ ಪುಡಿ ತಂದ ತೂಕಕ್ಕಿಂತ ಎಷ್ಟು ಕಡಿಮೆ ಅನ್ನೋದೂ ಅಲ್ಲೇ ತಿಳಿಯಿತು. ಎರಡನೆಯವರು ಹೊಸಪೇಟೆಯಲ್ಲಿ ಮನೆಯಿಂದಲೇ ಸಾಂಬಾರು ಪುಡಿ, ಶೇಂಗಾ ಚಟ್ನಿಪುಡಿ ಮಾರುವವರು. ಅವರು ಹೇಳಿದ್ದು ದುಡ್ಡಿನ ಓಡಾಟ. ಕಾಯಿ ಅಗ್ಗಕ್ಕೆ ಸಿಗೋದು ಸುಗ್ಗಿಯಲ್ಲಿ, ಆಗಲೇ ವರ್ಷದ ಮಾಲು ಕೊಂಡರೆ ಲಾಭ. ಆದರೆ ಅಷ್ಟೂ ದುಡ್ಡು ಒಂದೇ ಸಲ ಬೇಕು. ಮನೆಯಲ್ಲೇ ಇಟ್ಟರೆ ಬಣ್ಣ ಮಾಸುತ್ತೆ, ಹುಳ ಬೀಳುತ್ತೆ, ಕೋಲ್ಡ್ ಸ್ಟೋರೇಜಿಗೆ ಇಟ್ಟರೆ ಬಾಡಿಗೆ. ಅಂಗಡಿಯವರೋ ಮಾಲು ಇಟ್ಟುಕೊಂಡು 'ಖರ್ಚಾದ ಮೇಲೆ ಬರ್ರೀ' ಅಂತಾರೆ. ಮನೆಯಲ್ಲಿ ಮಾಡಿ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು ಅನ್ನೋದನ್ನೂ ಅವರೇ ಹೇಳಿಕೊಟ್ಟರು.

ಮೂರನೆಯವರು ಈ ವ್ಯಾಪಾರ ಮಾಡಿ ಬಿಟ್ಟವರು. ಹೆಚ್ಚು ಉಪಯೋಗಕ್ಕೆ ಬಂದದ್ದು ಅವರ ಮಾತೇ. ನಷ್ಟವೇನೂ ಆಗಿರಲಿಲ್ಲವಂತೆ. ಮನೆಯಲ್ಲಿ ಅತ್ತೆಗೆ ದಮ್ಮು, ಖಾರದ ಘಾಟಿಗೆ ರಾತ್ರಿಯೆಲ್ಲಾ ಕೆಮ್ಮು. ಅದಕ್ಕೇ ನಿಲ್ಲಿಸಿದರು. ನೋಡಿ, ಯಾವ ಪುಸ್ತಕದಲ್ಲಿ ಸಿಗುತ್ತೆ ಇದು? ನಮ್ಮ ಪರಿಚಯದವರ ಎರಡನೇ ಮಗನಿಗೂ ಉಬ್ಬಸ. ಯಂತ್ರದ ಆಸೆ ಅಲ್ಲಿಗೇ ನಿಂತಿತು. ಈಗ ತವರಿಂದ ಸ್ವಲ್ಪ ಕಾಯಿ ತರಿಸಿ, ಗಿರಣಿಯಲ್ಲೇ ಕೂಲಿ ಕೊಟ್ಟು ಕುಟ್ಟಿಸಿ, ಗೊತ್ತಿದ್ದ ಹತ್ತು ಹದಿನೈದು ಮನೆಗೆ ಕೊಡುತ್ತಾರೆ. ಮುಂದೆ ದೊಡ್ಡದು ಮಾಡ್ತಾರೋ ಇಲ್ಲವೋ ಅವರಿಗೇ ಇನ್ನೂ ಗೊತ್ತಿಲ್ಲ.

ಹಾಗಾಗಿ ಕೇಳೋದಕ್ಕೆ ಹೊರಟಾಗ ಬರೀ ಗೆದ್ದವರ ಹತ್ತಿರ ಹೋಗಬೇಡಿ. ಚೆನ್ನಾಗಿ ನಡೆಸುತ್ತಿರೋರು ಒಬ್ಬರು, ಈಗಷ್ಟೇ ಶುರು ಮಾಡಿದವರು ಒಬ್ಬರು, ಬಿಟ್ಟವರು ಒಬ್ಬರು ಇರಲಿ. ಹತ್ತು ವರ್ಷದ ಹಿಂದೆ ಶುರು ಮಾಡಿದವರಿಗೆ ಆಗಿನ ಬಾಡಿಗೆ, ಆಗಿನ ಮುಂಗಡವೇ ನೆನಪು. ಹೊಸಬರಿಗೆ ಮಾತ್ರ ಇವತ್ತಿನ ರೇಟು ಗೊತ್ತು. ಓದಿನ ವಿಷಯದಲ್ಲೂ ಹಾಗೇ. 'ನಾನು ಒಂದೇ ವರ್ಷದಲ್ಲಿ ಬಿ.ಎಡ್. ಮುಗಿಸಿದೆ, ನೀನೂ ಮಾಡು' ಅಂತ ಹಿರಿಯ ನಾದಿನಿ ಹೇಳಬಹುದು. 2015ರಿಂದ ಅದು ಎರಡು ವರ್ಷದ ಕೋರ್ಸ್ ಆಯಿತು, ಅವರಿಗೆ ಗೊತ್ತಿರಲಿಕ್ಕಿಲ್ಲ.

ಬಳ್ಳಾರಿಯಲ್ಲಿ ಇದ್ದುಕೊಂಡು ಜೀನ್ಸಿನ ಮಾತು ಬಿಡೋಕಾಗುತ್ತಾ? ಕೌಲ್ ಬಜಾರ್ ಕಡೆ ಹೋದರೆ ಓಣಿ ಓಣಿಯಲ್ಲೂ ಮೆಷಿನ್ ಸದ್ದು. 2023ರ ಚುನಾವಣೆ ಹೊತ್ತಿನಲ್ಲಿ ದೊಡ್ಡ ಜೀನ್ಸ್ ಪಾರ್ಕಿನ ಮಾತು ಕೇಳಿ ಎಷ್ಟೋ ಮನೆಗಳಲ್ಲಿ ಹೊಲಿಗೆ ಕಲಿಯೋ ಆಸೆ ಹುಟ್ಟಿತು. ಆದರೆ ಬ್ಲೌಸ್ ಹೊಲಿಯೋದೇ ಬೇರೆ, ಜೀನ್ಸೇ ಬೇರೆ. ಮನೆಯ ಕಾಲು ಮೆಷಿನ್ನಿಗೆ ಆ ದಪ್ಪ ಬಟ್ಟೆ ಬಗ್ಗೋದಿಲ್ಲ, ಪವರ್ ಮೆಷಿನ್ನೇ ಬೇಕು. ಕಟಿಂಗ್ ಒಬ್ಬರು, ಹೊಲಿಗೆ ಒಬ್ಬರು, ಓವರ್‌ಲಾಕು, ಲೂಪು, ಗುಂಡಿ, ವಾಷಿಂಗು, ದಾರ ಕತ್ತರಿಸೋದು, ಇಸ್ತ್ರಿ, ಪ್ಯಾಕಿಂಗು... ಒಂದು ಪ್ಯಾಂಟು ಹತ್ತಾರು ಕೈ ದಾಟಿ ಅಂಗಡಿ ಸೇರುತ್ತೆ. ಕೂಲಿ ಪೀಸಿನ ಲೆಕ್ಕ. ಅದಕ್ಕೇ 'ತಿಂಗಳಿಗೆ ಎಷ್ಟು ಸಿಗುತ್ತೆ?' ಅಂತ ಕೇಳಿದರೆ ಸರಿಯಾದ ಉತ್ತರ ಸಿಗೋದಿಲ್ಲ. ಒಂದು ಪೀಸಿಗೆ ಎಷ್ಟು, ದಿನಕ್ಕೆ ಎಷ್ಟು ಪೀಸು ಕೈಯಲ್ಲಾಗುತ್ತೆ, ಹಬ್ಬದ ಮುಂಚೆ ಎಷ್ಟು, ಕೆಲಸ ಇಲ್ಲದ ತಿಂಗಳು ಯಾವುದು, ಕರೆಂಟು ಹೋದ ದಿನ ಏನ್ಮಾಡ್ತೀರಿ, ಸೂಜಿ ಮುರಿದರೆ ಖರ್ಚು ಯಾರದು, ಬೆನ್ನು ನೋಯುತ್ತಾ? ಹೀಗೆ ಬಿಡಿಬಿಡಿಯಾಗಿ ಕೇಳಿ. ಮನೆಗೆ ಬಂದು ಕೂಡಿಸಿ ಕಳೆದರೆ ತಿಂಗಳ ಲೆಕ್ಕ ತಾನೇ ಬರುತ್ತೆ.

'ನಿಮ್ಮ ಗಳಿಕೆ ಎಷ್ಟ್ರೀ?' ಅಂತ ನೇರ ಕೇಳೋದು ನಮ್ಮಲ್ಲಿ ಸಭ್ಯತೆಯೂ ಅಲ್ಲ. 'ಹೊಸದಾಗಿ ಶುರು ಮಾಡಿದವರಿಗೆ ಮೊದಲ ವರ್ಷ ಕೈಯಲ್ಲಿ ಎಷ್ಟು ಉಳೀಬಹುದು ಅಕ್ಕಾ?' ಅನ್ನಿ. ಅವರ ಗುಟ್ಟು ಅವರ ಹತ್ತಿರವೇ ಉಳಿಯುತ್ತೆ, ನಿಮಗೆ ಬೇಕಾದ ಅಂದಾಜೂ ಸಿಗುತ್ತೆ.

ಹೋಗಿ ಮಾತಾಡಿಸೋದಾದರೂ ಯಾರನ್ನ, ನಮಗ್ಯಾರು ಗೊತ್ತು ಅಂತೀರಾ? ಮಕ್ಕಳ ಶಾಲೆಯ ಗೇಟಿನ ಹತ್ತಿರ ನಿಂತಿರೋ ತಾಯಂದಿರಲ್ಲಿ ಒಬ್ಬರು ಬ್ಯಾಂಕಿನವರು, ಒಬ್ಬರು ನರ್ಸು, ಒಬ್ಬರ ತಂಗಿ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವರು ಇರ್ತಾರೆ. ಸ್ತ್ರೀಶಕ್ತಿ ಸಂಘದವರನ್ನು ಕೇಳಿದರೆ ಹತ್ತು ಕಸುಬಿನವರ ವಿಳಾಸ ಅಲ್ಲೇ. ಫೋನ್ ಮಾಡಿದಾಗ ಮಾತು ಚಿಕ್ಕದಾಗಿರಲಿ: 'ಅಕ್ಕಾ, ನಿಮ್ಮ ಚಿಕ್ಕಮ್ಮನ ಮನೆ ಪಕ್ಕದವಳು ನಾನು. ನೀವು ಮಾಡೋ ಕೆಲಸದ ಬಗ್ಗೆ ಸ್ವಲ್ಪ ತಿಳ್ಕೋಬೇಕಿತ್ತು. ಕೆಲಸ ಕೇಳೋಕಲ್ಲ, ಸಾಲ ಕೇಳೋಕೂ ಅಲ್ಲ. ನಿಮಗೆ ಬಿಡುವಿದ್ದಾಗ ಇಪ್ಪತ್ತು ನಿಮಿಷ ಕೊಟ್ರೆ ಸಾಕು.' ಆ 'ಸಾಲ ಕೇಳೋಕೂ ಅಲ್ಲ' ಅನ್ನೋದನ್ನು ಮರೆಯಬೇಡಿ. ಕೇಳಿದವರ ಎದೆ ಹಗುರಾಗುತ್ತೆ!

ಹೊತ್ತು ನೋಡಿ ಹೋಗಿ. ದಸರೆಯ ಹಿಂದಿನ ದಿನ ಟೈಲರ್ ಹತ್ತಿರ ಕೂತರೆ ಬೈಸಿಕೊಳ್ಳೋದೇ ಗತಿ. ಮಂಗಳವಾರ ಕೂದಲು ಕತ್ತರಿಸಿಕೊಳ್ಳದವರು ನಮ್ಮಲ್ಲಿ ಬಹಳ, ಹಾಗಾಗಿ ಪಾರ್ಲರಿನವರಿಗೆ ಆ ದಿನ ಸ್ವಲ್ಪ ಪುರುಸೊತ್ತು ಇರಬಹುದು. ಇಪ್ಪತ್ತು ನಿಮಿಷ ಅಂದಿದ್ದರೆ ಇಪ್ಪತ್ತಕ್ಕೇ ಎದ್ದು ನಿಲ್ಲಿ. ಅವರೇ ಕೂರಿಸಿಕೊಂಡರೆ ಬೇರೆ ಮಾತು. ಪ್ರಶ್ನೆ ಬರೆದ ಚೀಟಿ ಕೈಯಲ್ಲಿರಲಿ, ನಾಚಿಕೆ ಬೇಡ. ಆದರೆ ಅವರನ್ನು ಕೇಳದೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಬೇಡಿ, ಖಂಡಿತ ಬೇಡ.

ಇನ್ನೊಂದು ಕಷ್ಟ ಇದೆ. ನಮ್ಮ ಓಣಿಯಲ್ಲೇ ಪಾರ್ಲರ್ ಇಡೋಕೆ ಹೊರಟು, ನಮ್ಮ ಓಣಿಯ ಪಾರ್ಲರಿನವರನ್ನೇ ಕೇಳಿದರೆ ಅವರು ಯಾಕೆ ಹೇಳ್ತಾರೆ? ನಾವಾಗಿದ್ರೂ ಹೇಳ್ತಿರಲಿಲ್ಲ. ಬೇರೆ ಊರಿಗೆ ಹೋಗಿ. ಬಳ್ಳಾರಿಯವರು ಸಿರುಗುಪ್ಪಕ್ಕೋ ಹೊಸಪೇಟೆಗೋ, ಕುರುಗೋಡಿನವರು ಬಳ್ಳಾರಿಗೋ ಹೋದರೆ ಅಲ್ಲಿನವರಿಗೆ ನೀವು ಪೈಪೋಟಿ ಅಲ್ಲ, ಬರೀ ಅತಿಥಿ. ಚಹಾ ಕೊಟ್ಟು ಮನಸ್ಸು ಬಿಚ್ಚಿ ಮಾತಾಡ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾರಿಗೆ ಬಸ್ಸಿನ ಖರ್ಚೂ ಇಲ್ಲವಲ್ಲ. ಸಂಡೂರಿಗೆ ಒಮ್ಮೆ ಹೋಗಿ ಬಂದರೂ ಒಳ್ಳೆಯದೇ. ಅಲ್ಲಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಹೆಣ್ಣುಮಕ್ಕಳ ಸೂಜಿ ಕೆಲಸ ಕಂಡರೆ, ಕೈಕೆಲಸಕ್ಕೆ ಎಷ್ಟು ತಾಳ್ಮೆ ಬೇಕು ಅನ್ನೋದು ಕಣ್ಣಿಗೇ ಕಾಣುತ್ತೆ. ಸಾಧ್ಯವಾದರೆ ಮಾತಿನ ಜೊತೆ ಅರ್ಧ ದಿನ ಸುಮ್ಮನೆ ಕೂತು ನೋಡಿ. ದೂರದ ಬೆಟ್ಟ ನುಣ್ಣಗೆ ಕಾಣೋದು ಕೆಲಸದಲ್ಲೂ ಉಂಟು. ಪ್ಲೇ ಸ್ಕೂಲಿನ ಟೀಚರ್ ಅಂದರೆ ಹಾಡು, ಬಣ್ಣ ಅಂದುಕೊಂಡವರು, ಅಲ್ಲಿ ಮಕ್ಕಳ ಚಡ್ಡಿ ಬದಲಿಸೋದನ್ನೂ ನೋಡಲಿ.

ವಾಟ್ಸ್ಯಾಪಿನಲ್ಲಿ ಬರೋ 'ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ' ಎಂಬ ಆಮಿಷಕ್ಕೂ ಇದೇ ಮದ್ದು. 'ನಿಮ್ಮಲ್ಲಿ ಈ ಕೆಲಸ ಮಾಡ್ತಿರೋ ನಮ್ಮೂರಿನ ಒಬ್ಬರ ಹೆಸರು ಹೇಳಿ, ಮನೆಗೆ ಹೋಗಿ ಮಾತಾಡಿಸಿಕೊಂಡು ಬರ್ತೀನಿ' ಅಂತ ಕೇಳಿ ನೋಡಿ. ಹೆಸರಿಲ್ಲ, ಆದರೆ ನೋಂದಣಿ ಶುಲ್ಕ ಮಾತ್ರ ಇವತ್ತೇ ಕಟ್ಟಬೇಕು ಅಂದರೆ ಅಲ್ಲಿಗೆ ಮುಗಿಯಿತು. ದುಡ್ಡು ಹೋಗಿಬಿಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮನೆಯವರು ಬೈತಾರೆ ಅಂತ ಮುಚ್ಚಿಟ್ಟುಕೊಂಡು ಕೂತಷ್ಟೂ ದುಡ್ಡು ವಾಪಸ್ ಸಿಗೋ ದಾರಿ ಮುಚ್ಚುತ್ತಾ ಹೋಗುತ್ತೆ.

ವಿಚಾರಿಸಿ ಆದ ಮೇಲೂ ಆಸೆ ಉಳಿದಿದೆಯಾ? ಹಾಗಾದರೆ ಕಲಿಯೋ ಜಾಗ ಹುಡುಕಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್ ಮತ್ತು ಎರಡು ಬ್ಯಾಂಕುಗಳು ಸೇರಿ ಶುರು ಮಾಡಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಈಗ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಹೊಲಿಗೆ, ಬ್ಯೂಟಿ ಪಾರ್ಲರ್‌ನಂಥ ತರಬೇತಿ ಅಲ್ಲಿ ಊಟ, ವಸತಿ ಸಮೇತ ಉಚಿತ. ಮುಖ್ಯವಾಗಿ ಹಳ್ಳಿಯವರಿಗೆಂದೇ ಇರೋದರಿಂದ ನಿಮಗೆ ಅವಕಾಶ ಇದೆಯಾ, ವಯಸ್ಸಿನ ಮಿತಿ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ. ಸಾಲ ಬೇಕಾದರೆ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ ಇದೆ. 18ರಿಂದ 55 ವರ್ಷದೊಳಗಿನವರಿಗೆ ಬ್ಯಾಂಕಿನ ಮೂಲಕ 3 ಲಕ್ಷ ರೂಪಾಯಿವರೆಗೆ ಸಾಲ, ಅದರಲ್ಲಿ ಒಂದು ಪಾಲು ಸಹಾಯಧನ. ಕುಟುಂಬದ ಆದಾಯಕ್ಕೆ ಮಿತಿ ಉಂಟು. ಇಲ್ಲೂ ಅದೇ ಸೂತ್ರ: ಅರ್ಜಿ ಹಾಕೋ ಮುಂಚೆ, ಈಗಾಗಲೇ ಸಾಲ ಪಡೆದ ಒಬ್ಬರನ್ನು ಹುಡುಕಿ ಮಾತಾಡಿಸಿ. ಯಾವ ಕಾಗದಕ್ಕೆ ಎಷ್ಟು ಸಲ ಅಲೆದರು ಅನ್ನೋದನ್ನು ಕಚೇರಿಯವರು ಹೇಳೋದಿಲ್ಲ, ಅವರು ಹೇಳ್ತಾರೆ.

ಅತ್ತೆ, ಯಜಮಾನರಿಗೆ ಹೇಳೋದು ಯಾವಾಗ? ನನ್ನ ಕೇಳಿದರೆ, ಮೂವರನ್ನು ಮಾತಾಡಿಸಿ ಬಂದ ಮೇಲೆ. ಬರೀ ಕೈಯಲ್ಲಿ 'ಏನಾದ್ರೂ ಮಾಡ್ತೀನಿ' ಅಂದರೆ 'ಮನೆ ನೋಡ್ಕೋ ಸಾಕು' ಅನ್ನೋದು ಸುಲಭ. ಬಾಡಿಗೆ ಇಷ್ಟು, ಬಂಡವಾಳ ಇಷ್ಟು, ಮೊದಲ ಆರು ತಿಂಗಳು ಏನೂ ಉಳಿಯದೇ ಹೋಗಬಹುದು ಅಂತ ಚೀಟಿ ಮುಂದಿಟ್ಟು ಮಾತಾಡಿದರೆ, ಬೇಡ ಅನ್ನೋರೂ ಒಂದು ಗಳಿಗೆ ಕೂತು ಕೇಳ್ತಾರೆ.

ಮಾತಾಡಿಸಿ ಬಂದ ಆ ಅಕ್ಕಂದಿರಿಗೆ ಒಂದು ವಾರದೊಳಗೆ ಫೋನ್ ಮಾಡಿ, 'ನೀವು ಹೇಳಿದ್ದು ಬಹಳ ಉಪಯೋಗ ಆಯ್ತು' ಅನ್ನಿ. ಆ ಕೆಲಸ ಬೇಡ ಅಂತ ತೀರ್ಮಾನಿಸಿದ್ದರೂ ಹೇಳಿ, ಅವರೇನೂ ಬೇಸರ ಮಾಡಿಕೊಳ್ಳೋದಿಲ್ಲ. ಅವರು ಮನೆಯಲ್ಲೇ ತಯಾರಿಸಿ ಮಾರೋರಾದರೆ, ಹೋದ ದಿನವೇ ಒಂದು ಪಾಕೀಟು ದುಡ್ಡು ಕೊಟ್ಟು ತಂದುಬಿಡಿ.