ಹೊತ್ತು ಗೊತ್ತಿಲ್ಲದವರ ಹೊಣೆಗಾರಿಕೆ

ತಪ್ಪು ಕಲ್ಪನೆ: ದೊಡ್ಡವರಿಗೆ ಪಾಠ ಹೇಳುವುದು ದಂಡ. ಹೊತ್ತಿಗೆ ಸರಿಯಾಗಿ ಬರುವುದಿಲ್ಲ, ಹೊಣೆಯಂತೂ ಮೊದಲೇ ಇಲ್ಲ.

ವಯಸ್ಕರ ಅಕ್ಷರ ಕಲಿಕೆಯಿರಲಿ, ರೈತರ ತರಬೇತಿಯಿರಲಿ, ಸ್ವಸಹಾಯ ಸಂಘದ ಲೆಕ್ಕದ ಪಾಠವಿರಲಿ, ಗದಗ ಸೀಮೆಯಲ್ಲಿ ಕಲಿಸುವವರ ದೂರು ಒಂದೇ: "ಏಳಕ್ಕ ಬರ್ರಿ ಅಂದ್ರ ಎಂಟಕ್ಕ ಬರ್ತಾರ್ರೀ." ದೂರೇನೋ ಸುಳ್ಳಲ್ಲ. ಆದರೆ ಸಂಜೆ ಏಳಕ್ಕೆ ಎಮ್ಮೆ ಹಿಂಡಬೇಕು, ರೊಟ್ಟಿ ಬಡಿಯಬೇಕು. ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂತೆಂದರೆ ಹೊಲಕ್ಕೆ ಓಡಬೇಕು. ಹೆಸರು ಬಿಡಿಸುವ, ಉಳ್ಳಾಗಡ್ಡಿ ಕೀಳುವ ದಿನಗಳಲ್ಲಿ ಗೈರಾದವರು ದುಡಿಯಲು ಹೋದವರು. ಮಕ್ಕಳ ಶಾಲೆಯ ಗಂಟೆಯನ್ನು ಸಂಸಾರಸ್ಥರ ಕೊರಳಿಗೆ ಕಟ್ಟಿ, ಬಾರಿಸಲಿಲ್ಲ ಎಂದು ಗೊಣಗುವುದು ನ್ಯಾಯವಲ್ಲ.

ಹೊಣೆಯನ್ನು ಹಾಜರಿ ಪುಸ್ತಕದಲ್ಲೇ ಹುಡುಕುವವರು ಗದಗ ತಾಲ್ಲೂಕಿನ ಕಣಗಿನಹಾಳದ ಕಡೆ ನೋಡಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿನ ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಆಗ ಈ ಊರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹಿಂದಿನ ವರ್ಷವಷ್ಟೇ ಬಂದಿದ್ದ 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಹಳ್ಳಿಯ ಸಂಘಗಳಿಗೆ ಸಾಮಾನ್ಯವಾಗಿ ಅಪರಿಮಿತ ಹೊಣೆಯ ಷರತ್ತು ಹಾಕಿತ್ತು. ಸಂಘ ಮುಳುಗಿದರೆ ಹಾಕಿದ ಹಣ ಹೋಯಿತೆಂದು ಸದಸ್ಯ ಸುಮ್ಮನಾಗುವಂತಿಲ್ಲ, ಅವನ ಸ್ವಂತ ಆಸ್ತಿಯೂ ಸಂಘದ ಸಾಲಕ್ಕೆ ಈಡು. ಪರಿಮಿತ ಹೊಣೆಯನ್ನು ಆರಿಸಿಕೊಳ್ಳುವ ಸಡಿಲಿಕೆ ಪಟ್ಟಣದ ಸಂಘಗಳಿಗಿತ್ತು. ಅಂದರೆ ಓದುಬರಹ ಹೆಚ್ಚಿದ್ದ ಕಡೆ ಹೊಣೆ ಹಗುರ, ಹೆಬ್ಬೆಟ್ಟು ಒತ್ತುವವರೇ ಹೆಚ್ಚಿದ್ದ ಕಡೆ ಭಾರ! ಇದನ್ನು ತಿಳಿದ ಮೇಲೂ ಹಳ್ಳಿಯವರಿಗೆ ಜವಾಬ್ದಾರಿ ಕಲಿಸಲು ಹೊರಡುವವರ ಧೈರ್ಯ ದೊಡ್ಡದು.

(ಕಣಗಿನಹಾಳದ್ದು "ಏಷ್ಯಾದಲ್ಲೇ ಮೊದಲ" ಸಂಘ ಎಂಬ ಮಾತನ್ನೂ ಸ್ವಲ್ಪ ತಗ್ಗಿಸಿ ಹೇಳುವುದು ಒಳ್ಳೆಯದು. ಜಪಾನಿನಲ್ಲಿ 1900ರಲ್ಲೇ ಸಹಕಾರ ಸಂಘಗಳ ಕಾನೂನು ಬಂದಿತ್ತು. ಭಾರತದ ಮೊದಮೊದಲ ಸಂಘಗಳಲ್ಲೊಂದು ಎಂದರೂ ಊರಿನ ಹಿರಿಮೆಗೆ ಕುಂದಿಲ್ಲ.)

ತಪ್ಪು ಕಲ್ಪನೆ: ಎಲ್ಲರ ಹೊಣೆ ಎಂದರೆ ಯಾರ ಹೊಣೆಯೂ ಅಲ್ಲ.

ರಷ್ಯಾದಲ್ಲಿ ಇದು ಒಂದು ಮಟ್ಟಿಗೆ ನಿಜವಾಯಿತು. ಅಲ್ಲಿ ತೆರಿಗೆಗೆ ಇಡೀ ಹಳ್ಳಿಯೇ ಜಾಮೀನು. ಒಬ್ಬ ಕಟ್ಟದಿದ್ದರೆ ಆ ಬಾಕಿ ನೆರೆಯವರ ತಲೆಗೆ. ದುಡಿಯುವವನಿಗೆ ಅದೇ ದಂಡವಾಗಿ, ಕೊನೆಗೆ ಚಕ್ರಾಧಿಪತ್ಯವೇ 1903ರಲ್ಲಿ ಬಹುಪಾಲು ಪ್ರಾಂತಗಳಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿತು. ಮರುವರ್ಷವೇ ಭಾರತದ ಹಳ್ಳಿಗಳಿಗೆ ಕೂಡು ಹೊಣೆಯ ಕಾಯ್ದೆ ಬಂತೆಂಬುದು ತಮಾಷೆಯಾಗಿ ಕಾಣಬಹುದು. ಆದರೆ ರಷ್ಯಾದ ರೈತ ಹುಟ್ಟಿದ ಊರಿನಿಂದಲೇ ಜಾಮೀನಾದವನು, ನಮ್ಮ ರೈತ ಸಂಘಕ್ಕೆ ತಾನಾಗಿ ಸೇರಿದವನು. ಯಾರನ್ನು ಒಳಗೆ ಬಿಡಬೇಕು, ಯಾರಿಗೆ ಎಷ್ಟು ಕೊಡಬೇಕು ಎಂಬುದನ್ನು ಸಂಘವೇ ತೀರ್ಮಾನಿಸುತ್ತಿತ್ತು. ಯಾರ ಎತ್ತು ಸತ್ತಿದೆ, ಯಾರು ಜಾತ್ರೆಯಲ್ಲಿ ದುಡ್ಡು ಕಳೆದಿದ್ದಾರೆ ಎಂಬುದು ಓಣಿಗೆಲ್ಲ ಗೊತ್ತಿರುವ ಊರಿನಲ್ಲಿ ಅಂಥ ತೀರ್ಮಾನಕ್ಕೆ ಅರ್ಥವಿದೆ. ಜರ್ಮನಿಯಲ್ಲಿ ರೈಫೈಸನ್ ಕಟ್ಟಿದ ಪತ್ತಿನ ಸಂಘಗಳೂ ಇದೇ ನೆರೆಹೊರೆಯ ಪರಿಚಯವನ್ನು ನಂಬಿ ನಿಂತಿದ್ದವು.

ತಪ್ಪು ಕಲ್ಪನೆ: ರೈತನಿಗೆ ತಾರೀಖಿನ ಪರಿವೆ ಇಲ್ಲ, ಸಾಲಮನ್ನಾಕ್ಕೆ ಕಾಯುತ್ತಾನೆ.

ಕಾಯುವವರು ಇಲ್ಲವೆನ್ನಲಾಗದು. ಆದರೆ ರಾಜ್ಯದಲ್ಲಿ ಸಹಕಾರ ಸಂಘಗಳ ಬೆಳೆಸಾಲಕ್ಕೆ ಬಡ್ಡಿಯಿಲ್ಲದಿರುವುದು ಗಡುವಿನೊಳಗೆ ಕಟ್ಟಿದರೆ ಮಾತ್ರ. 2023-24ರಲ್ಲಿ ಆ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಗಡುವು ದಾಟಿದರೆ ಬಡ್ಡಿ ಬೀಳುತ್ತದೆ. ಹಾಗಾಗಿ ರಾಶಿ ಮಾರಾಟವಾಗದಿದ್ದರೂ ಕೈಗಡ ತಂದು ಹಳೇ ಸಾಲ ಕಟ್ಟಿ, ಹೊಸ ಸಾಲ ಎತ್ತಿ, ಕೈಗಡ ತೀರಿಸುವವರಿದ್ದಾರೆ. ಅದು ಒಳ್ಳೆಯ ಪದ್ಧತಿಯೇನಲ್ಲ, ಕೈಗಡಕ್ಕೆ ಬಡ್ಡಿ ತೆತ್ತು ಗಡುವು ಉಳಿಸಿಕೊಳ್ಳುವ ಕಷ್ಟ ಅದು. ಹೊತ್ತಿನ ಬೆಲೆ ತಿಳಿಯದವರಂತೂ ಹೀಗೆ ಮಾಡುವುದಿಲ್ಲ.

ನಿಜವಾದ ತೊಡಕು ಬೇರೆಡೆ ಇದೆ. ಓದಲು ಬಾರದವರಿಗೆ ಗಡುವು ಗೊತ್ತಾಗುವುದು ಸಂಘದ ಕಾರ್ಯದರ್ಶಿ ಹೇಳಿದರೆ, ಇಲ್ಲವೇ ಮನೆಯ ಮಗ ಓದಿ ಹೇಳಿದರೆ. ವಯಸ್ಕರ ತರಗತಿ ಅ, ಆ ಬಿಟ್ಟು ಸಂಘದ ಪಾಸ್‌ಬುಕ್ಕು, ಬಾಕಿಯ ನೋಟಿಸಿನಿಂದ ಶುರುವಾಗಲಿ, ಗಂಟೆಯನ್ನು ಕಲಿಯುವವರೇ ಗೊತ್ತುಮಾಡಲಿ. ಆಮೇಲೆ ಎಷ್ಟಕ್ಕೆ ಬರುತ್ತಾರೆಂದು ಹಾಜರಿ ಹಾಕಿ ನೋಡಬಹುದು.